ಮೇಂಟೆನೆನ್ಸ್ ಸಾಫ್ಟ್‌ವೇರ್ ತಗೋಬೇಕಾ? ಮೊದ್ಲು ನಿಮ್ಮ ಬ್ರೇಕ್‌ಡೌನ್ ಬುಕ್ ತೆಗೀರಿ

ಪೀಣ್ಯದಲ್ಲಿ ಮೇಂಟೆನೆನ್ಸ್ ಕೆಲಸಕ್ಕೆ ಸೇರಿ 18 ವರ್ಷ ಆಯ್ತು. ಈಗೀಗ ಅಕ್ಕಪಕ್ಕದ ಶೆಡ್‌ನವರು ಸಿಕ್ಕಿದಾಗೆಲ್ಲ ಕೇಳೋದು ಒಂದೇ, ಅಣ್ಣಾ ನಮ್ಮ ಓನರ್ ಸಿಎಂಎಂಎಸ್ ಹಾಕ್ಸೋಣ ಅಂತಿದಾರೆ ಯಾವುದು ತಗೊಂಡ್ರೆ ಒಳ್ಳೇದು ಅಂತ. ಗೊತ್ತಿಲ್ಲದವರಿಗೆ ಹೇಳ್ತೀನಿ, ಸಿಎಂಎಂಎಸ್ ಅಂದ್ರೆ ಯಾವ ಮಷಿನ್ ಯಾವಾಗ ಕೆಡ್ತು, ಯಾರು ರಿಪೇರಿ ಮಾಡಿದ್ರು, ಮುಂದಿನ ಸರ್ವಿಸ್ ಯಾವಾಗ, ಸ್ಟೋರ್‌ನಲ್ಲಿ ಯಾವ ಸ್ಪೇರ್ ಎಷ್ಟಿದೆ, ಇದೆಲ್ಲಾ ಒಂದೇ ಕಡೆ ಇಡೋ ಸಾಫ್ಟ್‌ವೇರ್. ಒಂದು ಹೆಸರು ಹೇಳಿ ಇದನ್ನೇ ತಗೊಳ್ಳಿ ಅನ್ನೋದು ಸುಲಭ, ಆದ್ರೆ ಮೂವತ್ತು ಸಿಎನ್‌ಸಿ (ಕಂಪ್ಯೂಟರ್ ಹೇಳಿದಂಗೆ ಲೋಹ ಕತ್ತರಿಸೋ ಮಷಿನ್) ಇರೋ ಶೆಡ್‌ಗೆ ಬೇಕಾಗಿರೋದೇ ಬೇರೆ, ಎರಡು ಲಿಫ್ಟ್ ಒಂದು ಎಸ್‌ಟಿಪಿ (ಕೊಳಚೆ ನೀರು ಶುದ್ಧ ಮಾಡೋ ಘಟಕ) ಇರೋ ಅಪಾರ್ಟ್‌ಮೆಂಟಿಗೆ ಬೇಕಾಗಿರೋದೇ ಬೇರೆ. ಅದಕ್ಕೆ ಹೆಸರಿಗಿಂತ ಆರಿಸೋ ದಾರಿ ಹೇಳ್ತೀನಿ.

ಹಿಂದೆ ಕೆಲಸ ಮಾಡ್ತಿದ್ದ ಒಂದು ಕಂಪನಿಯಲ್ಲಿ ದೊಡ್ಡ ದುಡ್ಡು ಕೊಟ್ಟು ಒಂದು ಸಾಫ್ಟ್‌ವೇರ್ ತಂದ್ರು. ಆಫೀಸ್‌ನಲ್ಲಿ ಡೆಮೋ ನೋಡಿದಾಗ ಬಣ್ಣಬಣ್ಣದ ಗ್ರಾಫು, ಎಲ್ರಿಗೂ ಖುಷಿ. ಆದ್ರೆ ಒಂದು ಬ್ರೇಕ್‌ಡೌನ್ ಹಾಕೋಕೆ 14 ಕಾಲಂ ತುಂಬಬೇಕು, ಎಲ್ಲಾ ಇಂಗ್ಲಿಷ್‌ನಲ್ಲಿ. ರಾತ್ರಿ ಎರಡು ಗಂಟೆಗೆ ಕೈ ತುಂಬಾ ಗ್ರೀಸ್ ಇರೋ ಫಿಟ್ಟರ್ ಅದನ್ನ ಯಾಕೆ ತುಂಬ್ತಾನೆ ಹೇಳಿ. ಬೆಳಿಗ್ಗೆ ಆರಕ್ಕೆ ಶಿಫ್ಟ್ ಮುಗಿಯೋ ಹೊತ್ತಿಗೆ ಸೂಪರ್‌ವೈಸರ್ ಕೂತು ಎಲ್ಲಾ ಒಟ್ಟಿಗೆ ಹಾಕ್ತಿದ್ರು, ಕಾರಣ ಎಲ್ಲದಕ್ಕೂ ಎಲೆಕ್ಟ್ರಿಕಲ್, ಟೈಮ್ ಎಲ್ಲದಕ್ಕೂ 30 ನಿಮಿಷ. ಅದೇ ಸಮಯದಲ್ಲಿ ಒಂದು ಹೈಡ್ರಾಲಿಕ್ ಪವರ್ ಪ್ಯಾಕ್‌ನ ಪಂಪ್ ಸೀಲ್ ಐದು ತಿಂಗಳಲ್ಲಿ ನಾಲ್ಕು ಸಲ ಬದಲಾಗಿತ್ತು, ಸಾಫ್ಟ್‌ವೇರಿಗೆ ಅದು ಗೊತ್ತೇ ಇಲ್ಲ. ಗೊತ್ತಿದ್ದಿದ್ದು ನಮ್ಮ ಹಿರಿಯ ಫಿಟ್ಟರ್ ಜೇಬಲ್ಲಿ ಇಟ್ಕೊಂಡಿದ್ದ ಸಣ್ಣ ಡೈರಿಗೆ. ನಾಲ್ಕೂ ತಾರೀಖು ಅದರಲ್ಲಿ ಇತ್ತು, ಪಕ್ಕದಲ್ಲಿ "ಆಯಿಲ್ ತುಂಬಾ ಬಿಸಿ" ಅಂತ ನಾಲ್ಕು ಸಲನೂ ಬರೆದಿದ್ರು. ಆಯಿಲ್ ಕೂಲರ್ ಕೆಸರು ಕಟ್ಟಿ ಬ್ಲಾಕ್ ಆಗಿತ್ತು, ಆಯಿಲ್ ಬಿಸಿಯಾಗಿ ಸೀಲ್ ಗಟ್ಟಿಯಾಗಿ ಸೀಳ್ತಿತ್ತು. ಕೂಲರ್ ಬಿಚ್ಚಿ ತೊಳೆದ ಮೇಲೆ ನಿಂತೋಯ್ತು.

ಅವತ್ತಿಂದ ನಾನು ಯಾವ ಸಾಫ್ಟ್‌ವೇರ್ ನೋಡಿದ್ರೂ ಕೇಳೋದು ಇಷ್ಟೇ, ಆ ಡೈರಿಯಲ್ಲಿ ಇದ್ದ ಸಾಲು ಇದರೊಳಗೆ ಬರತ್ತಾ ಇಲ್ವಾ.

ಮೊದಲ ಕೆಲಸ: 30 ದಿನ ಬರೀ ಪುಸ್ತಕ

ಯಾವ ಕಂಪನಿಗೂ ಫೋನ್ ಮಾಡ್ಬೇಡಿ ಇನ್ನೂ. ಒಂದು ದಪ್ಪ ನೋಟ್‌ಬುಕ್ ತಗೊಳ್ಳಿ, ಶಾಪ್ ಫ್ಲೋರ್‌ನಲ್ಲೇ ಇಡಿ, ದಾರ ಕಟ್ಟಿ ಪೆನ್ ನೇತಾಕಿ. ಪ್ರತಿ ಬ್ರೇಕ್‌ಡೌನಿಗೂ ಮಷಿನ್ ನಂಬರು, ಆಪರೇಟರ್ ಹೇಳಿದ ಟೈಮು, ಫಿಟ್ಟರ್ ಕೈ ಹಾಕಿದ ಟೈಮು, ಸ್ಪೇರ್‌ಗೆ ಕಾದಿದ್ರೆ ಎಷ್ಟು ಹೊತ್ತು, ಮತ್ತೆ ಓಡಿದ ಟೈಮು, ಆಮೇಲೆ ಏನು ಕಂಡಿತು ಏನು ಮಾಡಿದ್ವಿ ಅನ್ನೋದು ಒಂದು ಸಾಲು. ಕನ್ನಡದಲ್ಲಿ ಬರೀಲಿ ಹಿಂದಿಯಲ್ಲಿ ಬರೀಲಿ, ಪರವಾಗಿಲ್ಲ.

ತಿಂಗಳಾದ ಮೇಲೆ ಒಂದು ಮಷಿನ್ ಲೆಕ್ಕ ಹಾಕಿ. ಉದಾಹರಣೆಗೆ ಎರಡು ಶಿಫ್ಟು ಅಂದ್ರೆ ದಿನಕ್ಕೆ 16 ಗಂಟೆ, 26 ದಿನ, ಒಟ್ಟು 416 ಗಂಟೆ. ಅದರಲ್ಲಿ 8 ಸಲ ನಿಂತಿದೆ, ನಿಂತಿದ್ದು ಒಟ್ಟು 24 ಗಂಟೆ ಅಂದ್ಕೊಳ್ಳಿ. ಓಡಿದ್ದು 392 ಗಂಟೆ, 8ರಿಂದ ಭಾಗಿಸಿದ್ರೆ 49. ಇದೇ ಎಂಟಿಬಿಎಫ್, ಅಂದ್ರೆ ಸರಾಸರಿ 49 ಗಂಟೆ ಓಡಿದ್ಮೇಲೆ ಒಂದ್ಸಲ ಕೆಡತ್ತೆ. 24ನ್ನ 8ರಿಂದ ಭಾಗಿಸಿದ್ರೆ 3 ಗಂಟೆ, ಇದು ಎಂಟಿಟಿಆರ್, ಸರಿ ಮಾಡೋಕೆ ಹಿಡಿಯೋ ಸರಾಸರಿ ಟೈಮು. ಆಟೋಮೊಬೈಲ್ ಕಂಪನಿಗಳಿಗೆ ಪಾರ್ಟ್ ಕೊಡೋರಿಗೆ ಇದು ಹೊಸದಲ್ಲ, ಅವರು ಪಾಲಿಸೋ ಕ್ವಾಲಿಟಿ ಸ್ಟ್ಯಾಂಡರ್ಡ್ ಐಎಟಿಎಫ್ 16949ರ 8.5.1.5ನೇ ಕ್ಲಾಜ್‌ನಲ್ಲಿ ಎಂಟಿಬಿಎಫ್, ಎಂಟಿಟಿಆರ್, ಒಇಇ (ಮಷಿನ್ ಒಟ್ಟಾರೆ ಎಷ್ಟು ಚೆನ್ನಾಗಿ ಕೆಲಸಕ್ಕೆ ಬಂತು ಅನ್ನೋ ಲೆಕ್ಕ) ಅಂತ ಹೆಸರು ಹಿಡಿದೇ ಹೇಳಿದೆ, ಆಡಿಟರ್ ಬಂದಾಗ ಕೇಳೇ ಕೇಳ್ತಾರೆ.

ಆದ್ರೆ ಅಸಲಿ ವಿಷಯ ಆ 24 ಗಂಟೆ ಒಡೆದು ನೋಡಿದಾಗ ಸಿಗತ್ತೆ. ಫಿಟ್ಟರ್ ಬರೋಕೆ ಕಾದಿದ್ದು 5 ಗಂಟೆ, ಸ್ಪೇರ್‌ಗೆ ಕಾದಿದ್ದು 12 ಗಂಟೆ, ಸ್ಪ್ಯಾನರ್ ಹಿಡಿದು ಕೆಲಸ ಮಾಡಿದ್ದು 7 ಗಂಟೆ ಅಂತ ಬಂದ್ರೆ ನಿಮ್ಮ ತೊಂದರೆ ಸ್ಟೋರ್‌ನಲ್ಲಿದೆ ಅಂತ ಅರ್ಥ, ಸ್ಪೇರ್ ಪಾರ್ಟ್ ಗಟ್ಟಿಯಾಗಿ ನೋಡ್ಕೊಳ್ಳೋ ಸಾಫ್ಟ್‌ವೇರ್ ನಿಮಗೆ ಬೇಕು. ಫಿಟ್ಟರ್ ಬರೋದೇ ತಡ ಆಗ್ತಿದ್ರೆ ಫೋನಿಗೆ ತಕ್ಷಣ ಅಲರ್ಟ್ ಹೋಗೋದು ಬೇಕು. ಒಂದೇ ತೊಂದರೆ ಪದೇ ಪದೇ ಬರ್ತಿದ್ರೆ ಹಳೇ ಹಿಸ್ಟರಿ ಬೇಗ ತೆಗೆದು ತೋರ್ಸೋದು ಬೇಕು. ಈ 30 ದಿನ ಮಾಡದೇ ಹೋದ್ರೆ ಸೇಲ್ಸ್‌ನವರು ಹೇಳಿದ್ದೆಲ್ಲಾ ನಮಗೆ ಬೇಕು ಅನ್ಸತ್ತೆ.

ಇನ್ನೊಂದು, ಒಟ್ಟು ಹತ್ತು ಹನ್ನೆರಡು ಮಷಿನ್ ಅಷ್ಟೇ ಇದ್ದು ತಿಂಗಳಿಗೆ ಏಳೆಂಟು ಬ್ರೇಕ್‌ಡೌನ್ ಬಂದ್ರೆ ನಿಮಗೆ ಸಾಫ್ಟ್‌ವೇರೇ ಬೇಡ. ಈ ಪುಸ್ತಕ, ಒಂದು ಎಕ್ಸೆಲ್ ಶೀಟು, ಗೋಡೆ ಮೇಲೆ ಒಂದು ವರ್ಷದ ಪಿಎಂ (ಕೆಡೋ ಮುಂಚೆನೇ ಮಾಡೋ ಸರ್ವಿಸ್) ಚಾರ್ಟು ಸಾಕು, ನಿಜವಾಗ್ಲೂ ಸಾಕು.

ಮಷಿನ್ ಲಿಸ್ಟು

ಎಲ್ಲಾ ಮಷಿನ್‌ಗೂ ಒಂದೊಂದು ನಂಬರು, ಒಂದೇ ನಂಬರು. ಪ್ರೊಡಕ್ಷನ್‌ನವರು ಒಂದು ಹೆಸರಲ್ಲಿ ಕರೆಯೋದು, ಅಕೌಂಟ್ಸ್‌ನಲ್ಲಿ ಬೇರೆ ಅಸೆಟ್ ನಂಬರು, ಫಿಟ್ಟರ್‌ಗಳು "ಆ ಮೂಲೆ ಲೇತು" ಅನ್ನೋದು, ಹೀಗಿದ್ರೆ ಯಾವ ಸಾಫ್ಟ್‌ವೇರ್ ಬಂದ್ರೂ ಹಿಸ್ಟರಿ ಮೂರು ಚೂರಾಗತ್ತೆ. ಆಮೇಲೆ ಎ, ಬಿ, ಸಿ ಅಂತ ವಿಂಗಡಿಸಿ. ಎ ಅಂದ್ರೆ ನಿಂತ್ರೆ ಡಿಸ್ಪ್ಯಾಚೇ ನಿಲ್ಲತ್ತೆ ಅಥವಾ ಯಾರಿಗಾದ್ರೂ ಪೆಟ್ಟಾಗತ್ತೆ ಅನ್ನೋವು.

ಕಟ್ಟಡದ ಸಾಮಾನು ಮರೀಬೇಡಿ. ಕಂಪ್ರೆಸರ್, ಡಿಜಿ (ಡೀಸೆಲ್ ಜನರೇಟರ್), ಟ್ರಾನ್ಸ್‌ಫಾರ್ಮರ್, ಇಒಟಿ ಕ್ರೇನ್ (ಶೆಡ್ ಮೇಲೆ ಹಳಿಯಲ್ಲಿ ಓಡೋ ಕ್ರೇನ್), ಗೂಡ್ಸ್ ಲಿಫ್ಟ್, ಏರ್ ರಿಸೀವರ್, ಫೈರ್ ಪಂಪ್, ಬೋರ್‌ವೆಲ್ ಮೋಟಾರ್, ಎಸ್‌ಟಿಪಿ. ಇವುಗಳಲ್ಲಿ ಕೆಲವಕ್ಕೆ ಕಾನೂನಿನ ತಾರೀಖು ಇದೆ. 1948ರ ಫ್ಯಾಕ್ಟರೀಸ್ ಆಕ್ಟ್‌ನ ಕಾಲದಿಂದ ಲಿಫ್ಟ್ ಹಾಯ್ಸ್ಟ್‌ಗಳನ್ನ 6 ತಿಂಗಳಿಗೊಮ್ಮೆ, ಕ್ರೇನು ಚೈನು ರೋಪ್‌ಗಳನ್ನ 12 ತಿಂಗಳಿಗೊಮ್ಮೆ ಕಾಂಪಿಟೆಂಟ್ ಪರ್ಸನ್ (ಸರ್ಕಾರ ಮಾನ್ಯ ಮಾಡಿದ ಪರೀಕ್ಷಕರು) ಕರೆಸಿ ಪೂರ್ತಿ ಪರೀಕ್ಷೆ ಮಾಡ್ಸಿ ಸರ್ಟಿಫಿಕೇಟ್ ಇಟ್ಕೊಳ್ಳೋ ಪದ್ಧತಿ ಇದೆ. ಮಾಲಿನ್ಯ ನಿಯಂತ್ರಣ ಮಂಡಳಿಯ ಕನ್ಸೆಂಟು, ಗೇಜ್‌ಗಳ ಕ್ಯಾಲಿಬ್ರೇಷನ್ನು, ಇವಕ್ಕೂ ಮುಗಿಯೋ ತಾರೀಖು ಇರತ್ತೆ. ಹಾಗಾಗಿ ಸಾಫ್ಟ್‌ವೇರ್‌ನಲ್ಲಿ ಸರ್ಟಿಫಿಕೇಟ್ ಪಿಡಿಎಫ್ ಅಂಟಿಸೋಕೆ ಆಗ್ಬೇಕು, 45 ದಿನ ಮುಂಚೆ ನೆನಪಿಸ್ಬೇಕು. ಸರ್ಟಿಫಿಕೇಟ್ ಮುಗಿದಿರೋ ಕ್ರೇನ್ ಕೆಳಗೆ ನಮ್ಮ ಹುಡುಗ್ರು ನಿಂತಿರ್ತಾರೆ ಅನ್ನೋದು ನೆನಪಿರ್ಲಿ.

ಪಿಎಂ ತಾರೀಖು ಹೇಗೆ ಲೆಕ್ಕ ಹಾಕತ್ತೆ ನೋಡಿ

ನೋಡೋಕೆ ಎಲ್ಲಾ ಸಾಫ್ಟ್‌ವೇರ್ ಒಂದೇ ಥರ ಇರತ್ತೆ, ವ್ಯತ್ಯಾಸ ಗೊತ್ತಾಗೋದು ಇಲ್ಲೇ. ಮೂರು ಪರೀಕ್ಷೆ ಕೊಡಿ.

ಒಂದು, ಡಿಜಿ ಬಿ-ಚೆಕ್, ಅಂದ್ರೆ ಆಯಿಲ್ ಫಿಲ್ಟರ್ ಬದಲಿಸೋ ಸರ್ವಿಸ್. ಇಷ್ಟು ಗಂಟೆ ಓಡಿದ್ರೆ ಅಥವಾ ಇಷ್ಟು ತಿಂಗಳಾದ್ರೆ, ಯಾವುದು ಮೊದಲು ಬರತ್ತೋ ಆವಾಗ ಮಾಡ್ಬೇಕು ಅಂತ ಮ್ಯಾನ್ಯುಯಲ್‌ನಲ್ಲಿ ಇರತ್ತೆ. ಬೆಸ್ಕಾಂ ಕರೆಂಟ್ ಚೆನ್ನಾಗಿದ್ದ ವರ್ಷ ಡಿಜಿ ಗಂಟೆ ಕಮ್ಮಿ, ಬೇಸಿಗೆಯಲ್ಲಿ ಜಾಸ್ತಿ, ಬರೀ ತಾರೀಖಿನ ಮೇಲೆ ನಡೆಯೋ ಸಾಫ್ಟ್‌ವೇರ್‌ಗೆ ಇದು ಅರ್ಥ ಆಗಲ್ಲ. ಗಂಟೆ ಮೀಟರ್ ರೀಡಿಂಗ್ ಹಾಕೋ ಜಾಗ ಇದೆಯಾ, ಎರಡನ್ನೂ ಸೇರಿಸಿ ನೋಡತ್ತಾ ಅಂತ ಅವರ ಕೈಲೇ ಮಾಡ್ಸಿ ನೋಡಿ. ಸ್ಕ್ರೂ ಕಂಪ್ರೆಸರ್ ಆಯಿಲಿಗೂ ಇದೇ ಕಥೆ.

ಎರಡು, ತಡವಾದ ಕೆಲಸ. 1ನೇ ತಾರೀಖು ಮಾಡ್ಬೇಕಿದ್ದ ತಿಂಗಳ ಪಿಎಂ 20ಕ್ಕೆ ಮಾಡಿದ್ರಿ, ಮುಂದಿನದು 1ಕ್ಕೆ ತೋರ್ಸತ್ತಾ 20ಕ್ಕೆ ತೋರ್ಸತ್ತಾ? ಆಯಿಲ್ ಬದಲಿಸೋದಾದ್ರೆ ಮಾಡಿದ ದಿನದಿಂದ ಲೆಕ್ಕ ಇರ್ಬೇಕು, ಕಾನೂನಿನ ತಪಾಸಣೆ ಆದ್ರೆ ಮೂಲ ತಾರೀಖಿಂದ. ಪ್ರತಿ ಕೆಲಸಕ್ಕೂ ಬೇರೆ ಬೇರೆ ಆರಿಸೋ ಅವಕಾಶ ಇರ್ಬೇಕು.

ಮೂರನೇದು ಬ್ಯಾಟರಿ. ಫಾನುಕ್ ಕಂಪನಿಯ ಕಂಟ್ರೋಲ್ ಇರೋ ಸಿಎನ್‌ಸಿ ಮಷಿನ್‌ಗಳಲ್ಲಿ ಪ್ರೋಗ್ರಾಂ ಪ್ಯಾರಾಮೀಟರ್ ಉಳಿಸೋಕೆ ಒಂದು ಲಿಥಿಯಂ ಬ್ಯಾಟರಿ, ಆಕ್ಸಿಸ್ ಪೊಸಿಷನ್ ಉಳಿಸೋಕೆ ಬೇರೆ ಬ್ಯಾಟರಿ ಇರತ್ತೆ. ವರ್ಷಕ್ಕೊಂದ್ಸಲ ಬದಲಿಸ್ಬೇಕು, ಮತ್ತೆ ಮಷಿನ್ ಆನ್ ಇಟ್ಟೇ ಬದಲಿಸ್ಬೇಕು. ಬೇರೆ ಎಲ್ಲಾ ಕೆಲಸಕ್ಕೂ ಮೇನ್ ಆಫ್ ಮಾಡಿ ಅಂತಾನೇ ಹುಡುಗ್ರಿಗೆ ಕಲಿಸಿರ್ತೀವಿ, ಅಭ್ಯಾಸಬಲದಲ್ಲಿ ಇದಕ್ಕೂ ಆಫ್ ಮಾಡಿಬಿಟ್ರೆ ಹೋಮ್ ಪೊಸಿಷನ್ ಹೋಗತ್ತೆ, ಮತ್ತೆ ರೆಫರೆನ್ಸ್ ಸೆಟ್ ಮಾಡೋಕೆ ಅರ್ಧ ದಿನ. ಅದಕ್ಕೆ ಚೆಕ್‌ಲಿಸ್ಟ್‌ನ ಮೊದಲ ಸಾಲಲ್ಲೇ ಕೆಂಪು ಅಕ್ಷರದಲ್ಲಿ ಪವರ್ ಆನ್ ಇರ್ಲಿ, ಎಮರ್ಜೆನ್ಸಿ ಒತ್ತಿರ್ಲಿ ಅಂತ ಬರೆಯೋಕೆ, ಬ್ಯಾಟರಿ ಎಲ್ಲಿದೆ ಅನ್ನೋ ಫೋಟೋ ಹಾಕೋಕೆ ಸಾಫ್ಟ್‌ವೇರ್ ಬಿಡತ್ತಾ ನೋಡಿ.

ಕನ್ನಡದ ಪರೀಕ್ಷೆ

ನಮ್ಮಲ್ಲಿ ಕನ್ನಡ ಸಪೋರ್ಟ್ ಇದೆ ಸಾರ್ ಅಂತಾರೆ ಸೇಲ್ಸ್‌ನವರು, ನಂಬಿ ಸುಮ್ಮನಾಗ್ಬೇಡಿ. ಮೆನು ಕನ್ನಡದಲ್ಲಿ ಇದ್ರೆ ಸಾಲದು. ಈ ಸಾಲು ಟೈಪ್ ಮಾಡ್ಸಿ: "ಸ್ಪಿಂಡಲ್ ಬೆಲ್ಟ್ ಸಡಿಲ, ಕಂಪ್ರೆಸರ್ ಪ್ರೆಷರ್ ಸ್ವಿಚ್ ಕೆಟ್ಟಿದೆ". ಸೇವ್ ಮಾಡಿ, ಪಿಡಿಎಫ್ ತೆಗೆದು ಪ್ರಿಂಟ್ ಹಾಕ್ಸಿ. ಒತ್ತಕ್ಷರಗಳು ಕೆಳಗೆ ಕೂರೋ ಬದ್ಲು ಪಕ್ಕಕ್ಕೆ ಬಿಡಿಬಿಡಿಯಾಗಿ ಬಂದ್ರೆ ಅಥವಾ ಚೌಕ ಚೌಕ ಬಂದ್ರೆ ಆ ಕಂಪನಿ ಕನ್ನಡವನ್ನ ಪರೀಕ್ಷೆನೇ ಮಾಡಿಲ್ಲ. ಸ್ಕ್ರೀನ್ ಮೇಲೆ ಸರಿ ಇದ್ದು ಪ್ರಿಂಟ್‌ನಲ್ಲಿ ಒಡೆಯೋದು ಬಹಳ ಇದೆ. ಆಮೇಲೆ "ಬೆಲ್ಟ್" ಅಂತ ಹುಡುಕಿದ್ರೆ ಆ ಎಂಟ್ರಿ ಸಿಗತ್ತಾ ನೋಡಿ.

ಹಳೇ ಲಿಸ್ಟ್‌ಗಳು ನುಡಿ ಅಥವಾ ಬರಹದ ಹಳೇ ಫಾಂಟ್‌ನಲ್ಲಿ ಟೈಪ್ ಆಗಿದ್ರೆ ಅದನ್ನ ಹಾಗೇ ಅಪ್‌ಲೋಡ್ ಮಾಡೋಕಾಗಲ್ಲ, ಇಂಗ್ಲಿಷ್ ಅಕ್ಷರ ಚಿಹ್ನೆ ಎಲ್ಲಾ ಕಲಸಿದ ಥರ ಕಾಣತ್ತೆ. ಮೊದ್ಲು ಯೂನಿಕೋಡಿಗೆ ಬದಲಾಯಿಸ್ಕೊಳ್ಳಿ, ಅದಕ್ಕೆ ಕನ್ವರ್ಟರ್‌ಗಳು ಇವೆ, ಆದ್ರೆ ಬದಲಾದ ಮೇಲೆ ಸರ್ವೋ, ಟರ್ನಿಂಗ್ ಥರ ಅರ್ಕಾವೊತ್ತು ಬರೋ ಪದಗಳನ್ನ ಕಣ್ಣಲ್ಲಿ ಒಂದ್ಸಲ ನೋಡ್ಕೊಳ್ಳಿ.

ಮತ್ತೆ ನಮ್ಮಲ್ಲಿ ಈಗ ಒಡಿಶಾ, ಬಿಹಾರ, ಅಸ್ಸಾಂ ಕಡೆ ಹುಡುಗ್ರೂ ಇದಾರೆ. ಟೈಪ್ ಮಾಡೋಕೆ ಯಾರಿಗೂ ಇಷ್ಟ ಇಲ್ಲ. ಮಾತಾಡಿ ವಾಯ್ಸ್ ನೋಟ್ ಹಾಕೋದು, ಫೋಟೋ ಹಾಕೋದು ಇದ್ರೆ ಎಲ್ಲಾ ಭಾಷೆಯವರಿಗೂ ನಡೆಯತ್ತೆ. ನನ್ನ ಪ್ರಕಾರ ನೂರು ರಿಪೋರ್ಟ್‌ಗಿಂತ ಒಂದು ವಾಯ್ಸ್ ನೋಟ್ ಬಟನ್ ದೊಡ್ಡದು.

ಯಾವ ಜಾತಿ ಸಾಫ್ಟ್‌ವೇರು

ಈಗಾಗ್ಲೇ ಇಆರ್‌ಪಿ (ಖರೀದಿ, ಸ್ಟೋರ್, ಅಕೌಂಟ್ಸ್ ಎಲ್ಲಾ ನೋಡೋ ಸಾಫ್ಟ್‌ವೇರ್) ಇದ್ರೆ ಅದರಲ್ಲೇ ಮೇಂಟೆನೆನ್ಸ್ ಮಾಡ್ಯೂಲ್ ಇದೆಯಾ ಕೇಳಿ. ಎಸ್‌ಎಪಿಯಲ್ಲಿ ಪ್ಲಾಂಟ್ ಮೇಂಟೆನೆನ್ಸ್ ಇದೆ, ಒಡೂದಲ್ಲಿ ಮೇಂಟೆನೆನ್ಸ್ ಆ್ಯಪ್ ಇದೆ, ಮುಂಬೈನ ಫ್ರಾಪೆಯವರ ಇಆರ್‌ಪಿನೆಕ್ಸ್ಟ್‌ನಲ್ಲಿ ಅಸೆಟ್ ಮೇಂಟೆನೆನ್ಸ್, ರಿಪೇರಿ ಎರಡೂ ಇವೆ. ಸ್ಪೇರ್ ಖರೀದಿ, ಸ್ಟೋರ್ ಎಲ್ಲಾ ಒಂದೇ ಕಡೆ ಸೇರೋದು ಇದರ ಲಾಭ. ತೊಂದರೆ ಅಂದ್ರೆ ಇಂಥವು ಸಾಮಾನ್ಯವಾಗಿ ಆಫೀಸ್ ಮನಸ್ಸಿಟ್ಟು ಮಾಡಿರೋವು, ಫಿಟ್ಟರ್ ಫೋನ್‌ನಲ್ಲಿ ಹೇಗಿರತ್ತೆ ಅನ್ನೋದು ಬೇರೆ ನೋಡ್ಬೇಕು.

ಮೇಂಟೆನೆನ್ಸ್‌ಗೆ ಅಂತಾನೇ ಇರೋ ಕ್ಲೌಡ್ ಸಾಫ್ಟ್‌ವೇರ್‌ಗಳು ಫೋನಲ್ಲಿ ಚೆನ್ನಾಗಿರತ್ತೆ, ಬಾಡಿಗೆ ಥರ ತಿಂಗಳ ದುಡ್ಡು. ಓಪನ್‌ಮೇಂಟ್ ಥರದ ಓಪನ್ ಸೋರ್ಸ್‌ಗೆ ಲೈಸೆನ್ಸ್ ದುಡ್ಡಿಲ್ಲ, ಆದ್ರೆ ಸರ್ವರ್ ನೋಡ್ಕೊಳ್ಳೋ ಒಬ್ಬ ಮನುಷ್ಯ ಬೇಕೇ ಬೇಕು, ಬ್ಯಾಕಪ್ ಅವನೇ ತೆಗೀಬೇಕು, ಅವನು ಕೆಲಸ ಬಿಟ್ರೆ ಏನು ಅನ್ನೋದು ಯೋಚಿಸಿಟ್ಕೊಳ್ಳಿ. ಐಬಿಎಂ ಮ್ಯಾಕ್ಸಿಮೋ ಥರದ್ದು ವಿದ್ಯುತ್ ಸ್ಥಾವರ, ರಿಫೈನರಿ ಅಳತೆಯವರಿಗೆ, ನಮ್ಮಂಥ ಶೆಡ್‌ಗೆ ಅಲ್ಲ.

ಡೆಮೋ ನಿಮ್ಮ ಶೆಡ್‌ನಲ್ಲೇ ಆಗ್ಲಿ

ಕಾನ್ಫರೆನ್ಸ್ ರೂಮಲ್ಲಿ ಪ್ರೊಜೆಕ್ಟರ್ ಹಾಕಿ ತೋರ್ಸೋ ಡೆಮೋ ಬೇಡ ಅನ್ನಿ. 30 ದಿನದ ಪುಸ್ತಕದಿಂದ ಐದು ಎಂಟ್ರಿ ಆರಿಸಿ, ಅದನ್ನ ನಿಮ್ಮ ಫಿಟ್ಟರ್ ಕೈಲಿ ಅವನ ಫೋನ್‌ನಲ್ಲಿ ಹಾಕ್ಸಿ. ಸೇಲ್ಸ್‌ನವರು ಪಕ್ಕದಲ್ಲಿ ನಿಂತು ಬಾಯಲ್ಲಿ ಹೇಳಬಹುದು, ಫೋನ್ ಮುಟ್ಟಂಗಿಲ್ಲ. ವಾಚ್ ನೋಡ್ಕೊಳ್ಳಿ. ಒಂದು ದೂರು ಹಾಕೋಕೆ ಒಂದು ನಿಮಿಷ ಮೀರಿದ್ರೆ ರಾತ್ರಿ ಪಾಳಿಯಲ್ಲಿ ಅದನ್ನ ಯಾರೂ ಹಾಕಲ್ಲ, ಇದು ನಾನು ಬರೆದು ಕೊಡ್ತೀನಿ. ಕಡ್ಡಾಯ ಕಾಲಂಗಳನ್ನ ನಾವೇ ತೆಗೆಯೋಕಾಗತ್ತಾ ಕೇಳಿ, ಮಷಿನ್ನು, ತೊಂದರೆ, ಫೋಟೋ, ಇಷ್ಟಕ್ಕೆ ಇಳಿಸೋಕಾಗ್ಬೇಕು.

ಆಮೇಲೆ ಫೋನ್ ಏರೋಪ್ಲೇನ್ ಮೋಡ್‌ಗೆ ಹಾಕ್ಸಿ. ಶೀಟ್ ಮೇಲ್ಛಾವಣಿ ಇರೋ ಶೆಡ್ ಒಳಗೆ, ಬೇಸ್‌ಮೆಂಟ್ ಪಂಪ್ ರೂಮಲ್ಲಿ ಸಿಗ್ನಲ್ ಇರಲ್ಲ. ನೆಟ್ ಇಲ್ಲದೇ ಎಂಟ್ರಿ ಹಾಕಿ, ಫೋಟೋ ತೆಗೆದು, ಕೆಲಸ ಮುಗೀತು ಅಂತ ಒತ್ತಿ, ಹೊರಗೆ ಬಂದು ನೆಟ್ ಆನ್ ಮಾಡಿದ್ರೆ ಎಲ್ಲಾ ಸರಿಯಾದ ಟೈಮ್ ಸಮೇತ ಮೇಲೆ ಹೋಗ್ಬೇಕು. ಕೆಲವದರಲ್ಲಿ ನೆಟ್ ಬಂದ ಟೈಮೇ ಕೆಲಸ ಮುಗಿದ ಟೈಮ್ ಅಂತ ದಾಖಲಾಗತ್ತೆ, ಹಾಗಾದ್ರೆ ನಿಮ್ಮ ಎಂಟಿಟಿಆರ್ ಪೂರ್ತಿ ತಪ್ಪು.

ಕ್ಯೂಆರ್ ಸ್ಟಿಕ್ಕರ್ ಅಂಟಿಸ್ತೀವಿ ಅಂತ ಹೇಳ್ತಾರೆ, ಒಳ್ಳೇದೇ, ಆದ್ರೆ ಪೇಪರ್ ಸ್ಟಿಕ್ಕರ್ ಕೂಲೆಂಟ್‌ಗೆ ಎರಡು ವಾರ ನಿಲ್ಲಲ್ಲ. ಅಲ್ಯೂಮಿನಿಯಂ ಪ್ಲೇಟ್ ಮೇಲೆ ಲೇಸರ್ ಮಾರ್ಕಿಂಗ್ ಮಾಡ್ಸಿ ರಿವೆಟ್ ಹೊಡೀರಿ, ಪೀಣ್ಯದಲ್ಲೇ ಮಾಡ್ಕೊಡೋರು ಇದಾರೆ. ಚಿಪ್ಸ್ ಕೂಲೆಂಟ್ ಸಿಡಿಯೋ ಬಾಗಿಲ ಹತ್ರ ಬೇಡ, ಪ್ಯಾನೆಲ್ ಬದಿಗೆ ಇರ್ಲಿ.

ಸ್ಟೋರು

ಒಂದೇ ಬೇರಿಂಗ್ ನಮ್ಮ ಸ್ಟೋರ್‌ನಲ್ಲಿ ಮೂರು ಹೆಸರಲ್ಲಿತ್ತು. "6205", "ಬೇರಿಂಗ್ 25 ಬೋರ್", "ಕೂಲೆಂಟ್ ಪಂಪ್ ಬೇರಿಂಗ್". ಮೂರೂ ಒಂದೇ ಅಳತೆ, 25 ಬೋರು, 52 ಹೊರಗಿನ ವ್ಯಾಸ, 15 ದಪ್ಪ. ಒಂದು ಹೆಸರಲ್ಲಿ ಸ್ಟಾಕ್ ಸೊನ್ನೆ ಅಂತ ಹೊಸದು ತರ್ಸಿದ್ವಿ, ಇನ್ನೊಂದು ಹೆಸರಲ್ಲಿ ಆರು ಕೂತಿತ್ತು. ಇದಕ್ಕೆ ಉಲ್ಟಾನೂ ಇದೆ, 6205 ಅಂತ ಮಾತ್ರ ಬರೆದ್ರೆ ಸಾಲದು, ಜಡ್‌ಜಡ್ ಅಂದ್ರೆ ತಗಡಿನ ಮುಚ್ಚಳ, 2ಆರ್‌ಎಸ್ ಅಂದ್ರೆ ರಬ್ಬರ್ ಸೀಲ್, ನೀರು ಬೀಳೋ ಜಾಗಕ್ಕೆ ತಗಡಿನದು ಹಾಕಿದ್ರೆ ಬೇಗ ಹೋಗತ್ತೆ. ಹಾಗಾಗಿ ಡೇಟಾ ಹಾಕೋ ಮುಂಚೆ ಸ್ಟೋರ್ ಹುಡುಗನ ಜೊತೆ ಎರಡು ಭಾನುವಾರ ಕೂತು ಹೆಸರುಗಳನ್ನ ಸರಿ ಮಾಡ್ಕೊಳ್ಳಿ, ಈ ಕೆಲಸ ಯಾವ ಸಾಫ್ಟ್‌ವೇರ್ ಕಂಪನಿನೂ ಮಾಡ್ಕೊಡಲ್ಲ, ಮಾಡ್ಕೊಟ್ರೂ ಸರಿ ಇರಲ್ಲ.

ದುಡ್ಡು, ಕರಾರು

ಉದಾಹರಣೆ ಲೆಕ್ಕ ಹೇಳ್ತೀನಿ. ಒಬ್ಬರಿಗೆ ತಿಂಗಳಿಗೆ 1,200 ರೂಪಾಯಿ ಅಂತಾರೆ ಅಂದ್ಕೊಳ್ಳಿ. 10 ಜನ ಫಿಟ್ಟರ್‌ಗಳಿಗೆ ವರ್ಷಕ್ಕೆ 1,44,000, ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಸೇರಿದ್ರೆ 1,69,920. ಸರಿ ಅನ್ಸತ್ತೆ. ಆದ್ರೆ ದೂರು ಹಾಕೋ 40 ಆಪರೇಟರ್‌ಗಳಿಗೂ ಲೈಸೆನ್ಸ್ ಬೇಕು ಅಂದ್ರೆ 50 ಜನ, 7,20,000, ಜಿಎಸ್‌ಟಿ ಸೇರಿ 8,49,600. ಮೊದಲ ಮೀಟಿಂಗ್‌ನಲ್ಲೇ ಕೇಳಿ, ಬರೀ ದೂರು ಹಾಕೋರಿಗೆ ದುಡ್ಡು ಇದೆಯಾ ಅಂತ. ಸೆಟಪ್ ಚಾರ್ಜು, ಟ್ರೈನಿಂಗು, ಫೋಟೋ ಇಡೋ ಜಾಗಕ್ಕೆ ಮಿತಿ, ಎರಡನೇ ವರ್ಷ ರೇಟ್ ಎಷ್ಟು ಏರಿಸ್ತಾರೆ, ಎಲ್ಲಾ ಬರವಣಿಗೆಯಲ್ಲಿ ತಗೊಳ್ಳಿ.

ಬಿಡೋ ದಿನದ ಬಗ್ಗೆ ಸೇರೋ ದಿನವೇ ಮಾತಾಡಿ. ನಮ್ಮ ಡೇಟಾ ಪೂರ್ತಿ ಎಕ್ಸೆಲ್‌ನಲ್ಲಿ ಸಿಗತ್ತಾ, ಫೋಟೋ ಮತ್ತೆ ಸರ್ಟಿಫಿಕೇಟ್‌ಗಳೂ ಸಿಗತ್ತಾ, ಯಾರ ಅಪ್ಪಣೆನೂ ಇಲ್ಲದೇ ನಾವೇ ಬಟನ್ ಒತ್ತಿ ತೆಗೆಯೋಕಾಗತ್ತಾ. ಟ್ರಯಲ್ ಸಮಯದಲ್ಲೇ ಒಂದ್ಸಲ ತೆಗೆದು ನೋಡಿ. ಕನ್ನಡ ಅಕ್ಷರ ಎಕ್ಸೆಲ್‌ನಲ್ಲಿ ಸರಿಯಾಗಿ ತೆರೆಯತ್ತಾ ಅನ್ನೋದನ್ನೂ ಆವಾಗ್ಲೇ ನೋಡಿ.

ಶುರು ಮಾಡೋದು

ಎಲ್ಲಾ ಮಷಿನ್ ಒಂದೇ ದಿನ ಹಾಕ್ಬೇಡಿ. ಎ ಗುಂಪಿನ 10-12 ಮಷಿನ್, ಮೂರು ತಿಂಗಳು. ಅಷ್ಟೂ ದಿನ ಪುಸ್ತಕನೂ ಜೊತೆಗೆ ನಡೀಲಿ, ವಾರಕ್ಕೊಂದ್ಸಲ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಪುಸ್ತಕದಲ್ಲಿ 9 ಇದ್ದು ಸಾಫ್ಟ್‌ವೇರ್‌ನಲ್ಲಿ 5 ಇದ್ರೆ ಆ 4 ಯಾಕೆ ಹಾಕಿಲ್ಲ ಅಂತ ಫಿಟ್ಟರ್‌ಗಳನ್ನ ಕೂರಿಸಿ ಸಮಾಧಾನವಾಗಿ ಕೇಳಿ, ಬೈಬೇಡಿ. ನೆಟ್ ಇರ್ಲಿಲ್ಲ, ಲಿಸ್ಟಲ್ಲಿ ಮಷಿನ್ ಸಿಗಲಿಲ್ಲ, ಪಾಸ್‌ವರ್ಡ್ ಮರೆತೋಯ್ತು, ಇಂಥ ಸರಿ ಮಾಡೋಕಾಗೋ ಕಾರಣಗಳೇ ಬರತ್ತೆ.

ಇನ್ನೊಂದು ಕಾರಣ ಬಾಯಲ್ಲಿ ಹೇಳಲ್ಲ, ಭಯ. ನಮ್ಮ ಮೇಲೆ ಕಣ್ಣಿಡೋಕೆ ತಂದಿದಾರೆ, ಯಾರು ಎಷ್ಟು ಹೊತ್ತು ತಗೊಂಡ್ರು ಅಂತ ಸಂಬಳದಲ್ಲಿ ಹಿಡೀತಾರೆ ಅಂತ. ಇದು ತಪ್ಪು ಭಯ ಅಲ್ಲ, ಹಾಗೆ ಮಾಡಿದವರನ್ನ ನಾನೇ ನೋಡಿದೀನಿ, ಮಾಡಿದ ಮಾರನೇ ದಿನದಿಂದ ಎಲ್ಲಾ ಎಂಟ್ರಿ 30 ನಿಮಿಷ ಆಗೋಗತ್ತೆ. ಎಂಟಿಟಿಆರ್ ಮಷಿನ್ ಹೆಸರಲ್ಲಿ ಮಾತ್ರ ತೋರ್ಸಿ, ಮನುಷ್ಯನ ಹೆಸರಲ್ಲಿ ಬೋರ್ಡಿಗೆ ಹಾಕ್ಬೇಡಿ, ಇದನ್ನ ಓನರ್ ಬಾಯಿಂದಾನೇ ಎಲ್ರ ಮುಂದೆ ಹೇಳ್ಸಿ.

ಮೂರನೇ ತಿಂಗಳ ಕೊನೆಗೆ ಒಬ್ಬ ಫಿಟ್ಟರ್ ಕೈಗೆ ಫೋನ್ ಕೊಟ್ಟು ಯಾವುದಾದ್ರೂ ಒಂದು ಮಷಿನ್ ತೋರ್ಸಿ, ಇದಕ್ಕೆ ಕಳೆದ ಸಲ ಏನಾಗಿತ್ತು ನೋಡಿ ಹೇಳಪ್ಪ ಅನ್ನಿ. ನಿಂತಲ್ಲೇ ತೆಗೆದು ಓದಿ ಹೇಳಿದ್ರೆ ಉಳಿದ ಮಷಿನ್‌ಗಳನ್ನ ಹಾಕೋಕೆ ಶುರು ಮಾಡಿ. ಅವನು ಜೇಬಿಂದ ಡೈರಿ ತೆಗೆದ್ರೆ ವರ್ಷದ ದುಡ್ಡು ಕಟ್ಟೋದು ನಿಲ್ಸಿ, ಆ ಡೈರಿ ಇಸ್ಕೊಂಡು ಓದಿ, ಅದರಲ್ಲಿ ಏನೇನು ಬರ್ಕೊಂಡಿದಾನೆ ಅನ್ನೋದನ್ನ ಇಟ್ಕೊಂಡು ಮುಂದಿನ ಡೆಮೋಗೆ ಕರೀರಿ.